ಮಣ್ಣು ಪರೀಕ್ಷೆಯ ಅಂಕಿಯನ್ನು ನಂಬುವುದು ಹೇಗೆ?

(ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಮಣ್ಣು ಪರೀಕ್ಷೆಯ ಮಾತು ಬಂದಾಗಲೆಲ್ಲ ರೈತರು ಒಂದು ಪ್ರಶ್ನೆ ಕೇಳುತ್ತಾರೆ. "ಒಂದೇ ಹೊಲದ ಮಣ್ಣನ್ನು ಎರಡು ಕಡೆ ಕೊಟ್ಟೆವು. ಒಬ್ಬರು ರಂಜಕ ಕಡಿಮೆ ಇದೆ ಎಂದರು, ಇನ್ನೊಬ್ಬರು ಸಾಕಷ್ಟಿದೆ ಎಂದರು. ಯಾರ ಮಾತು ನಂಬಿ ಗೊಬ್ಬರ ಹಾಕಬೇಕು ಸ್ವಾಮಿ?"

ಇದು ನ್ಯಾಯವಾದ ಪ್ರಶ್ನೆ. ಒಂದು ವರದಿಯನ್ನು ನಂಬಿದರೆ ಎಕರೆಗೆ ಒಂದು ಚೀಲ ಡಿ.ಎ.ಪಿ. ಹೆಚ್ಚಿಗೆ ಕೊಳ್ಳಬೇಕು. ಇನ್ನೊಂದನ್ನು ನಂಬಿದರೆ ಆ ಹಣ ಉಳಿಯುತ್ತದೆ. ಅದು ತಪ್ಪಾಗಿದ್ದರೆ ಮಾತ್ರ ಬೆಳೆ ಸೊರಗುತ್ತದೆ. ಆದ್ದರಿಂದ ಪರೀಕ್ಷಾಲಯದೊಳಗೆ ನಿಮ್ಮ ಮಣ್ಣಿಗೆ ಏನೇನು ಮಾಡುತ್ತಾರೆ, ಅಲ್ಲಿಂದ ಬರುವ ಅಂಕಿಯ ಅರ್ಥವೇನು, ಅದು ಎಲ್ಲಿ ದಾರಿ ತಪ್ಪಬಹುದು ಎಂಬುದು ರೈತರಿಗೂ ತಿಳಿದಿರಬೇಕು. ಈ ದಿನದ ಮಾತು ಅಷ್ಟಕ್ಕೇ ಸೀಮಿತ.

ನಮ್ಮ ನಾಡಿಗೆ ಮಣ್ಣಿನ ರಸಾಯನ ಪರೀಕ್ಷೆ ಹೊಸದಲ್ಲ. 1899ರಲ್ಲಿ ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಜಮೀನು ಕೊಟ್ಟರು. ಅಲ್ಲಿ ಪ್ರಯೋಗಾಲಯ ಕಟ್ಟುವ ಹೊಣೆ ಡಾ. ಲೆಹ್ಮನ್ ಅವರದಾಯಿತು. ಮಣ್ಣಿಗೂ ಬೆಳೆಗೂ ಇರುವ ಸಂಬಂಧದ ಅಧ್ಯಯನ ಅಂದಿನಿಂದಲೇ ನಡೆದುಬಂದಿದೆ. ರೈತರ ಮಣ್ಣನ್ನು ಪರೀಕ್ಷಿಸಿ ಸಲಹೆ ಕೊಡುವ ಪರೀಕ್ಷಾಲಯಗಳ ಜಾಲ ದೇಶದಲ್ಲಿ ಆರಂಭವಾದದ್ದು 1955-56ರಲ್ಲಿ. 2015ರ ಫೆಬ್ರವರಿಯಲ್ಲಿ ಮಣ್ಣು ಆರೋಗ್ಯ ಚೀಟಿಯ ಯೋಜನೆ ಬಂದ ಮೇಲೆ 12 ಅಂಶಗಳ ಅಂಕಿಗಳಿರುವ ಚೀಟಿ ಮನೆಮನೆಗೆ ತಲುಪಿದೆ. ಚೀಟಿ ಬಂದಿದೆ, ಅದನ್ನು ಓದುವ ಬಗೆ ಮಾತ್ರ ಇನ್ನೂ ಎಲ್ಲರಿಗೂ ತಲುಪಿಲ್ಲ.

ಎರಡು ವರದಿಗಳು ಬೇರೆಬೇರೆ ಬರಲು ಮುಖ್ಯವಾಗಿ ಮೂರು ಕಾರಣಗಳಿವೆ. ಮಾದರಿ ಬೇರೆಯಾಗಿರಬಹುದು. ಪರೀಕ್ಷಾ ವಿಧಾನ ಅಥವಾ ಲೆಕ್ಕದ ಮಾನ ಬೇರೆಯಾಗಿರಬಹುದು. ಪರೀಕ್ಷಾಲಯದಲ್ಲಿ ತಪ್ಪಾಗಿರಬಹುದು. ಜನ ಮೊದಲು ಅನುಮಾನಿಸುವುದು ಮೂರನೆಯದನ್ನು. ಆದರೆ ಹೆಚ್ಚಿನ ಏರುಪೇರು ಬರುವುದು ಮೊದಲನೆಯದರಿಂದ.

ಒಂದು ಎಕರೆಗೆ ಎರಡೂವರೆ ಗ್ರಾಂ

ಒಂದು ಎಕರೆ ಹೊಲದಲ್ಲಿ ಮೇಲಿನ 15 ಸೆಂ.ಮೀ., ಅಂದರೆ ಒಂದು ಗೇಣಿಗಿಂತ ಕಡಿಮೆ ಆಳದ ಮಣ್ಣಿನ ತೂಕ ಸುಮಾರು 9 ಲಕ್ಷ ಕಿ.ಗ್ರಾಂ. ಅದರಲ್ಲಿ ನೀವು ಪರೀಕ್ಷಾಲಯಕ್ಕೆ ಒಯ್ಯುವುದು ಅರ್ಧ ಕಿ.ಗ್ರಾಂ. ಆ ಅರ್ಧ ಕಿಲೋದಲ್ಲಿ ರಂಜಕದ ಪರೀಕ್ಷೆಗೆ ತೂಗುವುದು ಎರಡೂವರೆ ಗ್ರಾಂ ಮಾತ್ರ. ಲೆಕ್ಕ ಹಾಕಿದರೆ ಇದು ಹೊಲದ ಮಣ್ಣಿನ 36 ಕೋಟಿ ಪಾಲಿನಲ್ಲಿ ಒಂದು ಪಾಲು. ಚಿಟಿಕೆಯಷ್ಟು ಮಣ್ಣು ಇಡೀ ಎಕರೆಯ ಪರವಾಗಿ ಸಾಕ್ಷಿ ಹೇಳಬೇಕು. ಸಾಕ್ಷಿಯೇ ಸರಿಯಿಲ್ಲದಿದ್ದರೆ ತೀರ್ಪು ಸರಿಯಾಗುವುದು ಹೇಗೆ?

ಲೆಕ್ಕಕ್ಕಾಗಿ ಒಂದು ಉದಾಹರಣೆ ನೋಡೋಣ. ಒಂದು ಹೊಲದಲ್ಲಿ 16 ಕಡೆ ಮಣ್ಣು ತೆಗೆದಿರಿ ಎಂದಿಟ್ಟುಕೊಳ್ಳಿ. 15 ಕಡೆ ಲಭ್ಯ ರಂಜಕ 4 ಪಿ.ಪಿ.ಎಂ. ಇದೆ. ಅಂದರೆ ಹತ್ತು ಲಕ್ಷ ಪಾಲಿನಲ್ಲಿ 4 ಪಾಲು. ಹದಿನಾರನೆಯ ಹಿಡಿ ಮಾತ್ರ ಹೋದ ವರ್ಷ ತಿಪ್ಪೆ ಗೊಬ್ಬರ ರಾಶಿ ಹಾಕಿದ್ದ ಜಾಗದ್ದು, ಅಲ್ಲಿ 52 ಪಿ.ಪಿ.ಎಂ. ಇದೆ. ಎಲ್ಲವನ್ನೂ ಬೆರೆಸಿದರೆ ಸರಾಸರಿ 7 ಪಿ.ಪಿ.ಎಂ. ಬರುತ್ತದೆ. 15 ಸೆಂ.ಮೀ. ಆಳದ ಮಣ್ಣಿಗೆ ಪಿ.ಪಿ.ಎಂ. ಅಂಕಿಯನ್ನು 2.24ರಿಂದ ಗುಣಿಸಿದರೆ ಹೆಕ್ಟೇರಿಗೆ ಎಷ್ಟು ಕಿ.ಗ್ರಾಂ. ಎಂಬುದು ತಿಳಿಯುತ್ತದೆ. ಹೊಲದ ನಿಜವಾದ ಅಂಕಿ ಸುಮಾರು 9 ಕಿ.ಗ್ರಾಂ., ಅದು "ಕಡಿಮೆ" ವರ್ಗ. ವರದಿಯಲ್ಲಿ ಬರುವುದು ಸುಮಾರು 15.7 ಕಿ.ಗ್ರಾಂ., ಅದು "ಮಧ್ಯಮ" ವರ್ಗ. ಹದಿನಾರರಲ್ಲಿ ಒಂದು ಹಿಡಿ ಮಣ್ಣು ಇಡೀ ಹೊಲದ ವರ್ಗವನ್ನೇ ಬದಲಿಸಿತು. ಪರೀಕ್ಷಾಲಯದ ಕೆಲಸ ಇಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ.

ಮಾದರಿ ತೆಗೆಯುವ ಕ್ರಮ

1. ಹೊಲವನ್ನು ಮೊದಲು ಕಣ್ಣಿನಿಂದ ಭಾಗ ಮಾಡಿ. ಮಣ್ಣಿನ ಬಣ್ಣ, ಇಳಿಜಾರು, ನೀರಾವರಿ, ಹಿಂದೆ ಹಾಕಿದ ಗೊಬ್ಬರ, ಬೆಳೆಯ ಏಳಿಗೆ ಇವುಗಳಲ್ಲಿ ವ್ಯತ್ಯಾಸವಿದ್ದರೆ ಆ ಭಾಗಕ್ಕೆ ಪ್ರತ್ಯೇಕ ಮಾದರಿ ತೆಗೆಯಬೇಕು. ಮೇಲ್ಭಾಗದ ಕೆಂಪು ಮಣ್ಣನ್ನೂ ತಗ್ಗಿನ ಕಪ್ಪು ಮಣ್ಣನ್ನೂ ಒಂದೇ ಚೀಲಕ್ಕೆ ಹಾಕಿದರೆ ಬರುವ ಉತ್ತರ ಎರಡಕ್ಕೂ ಹೊಂದುವುದಿಲ್ಲ.

2. ಪ್ರತಿ ಭಾಗದಲ್ಲೂ ಅಂಕುಡೊಂಕಾಗಿ ನಡೆಯುತ್ತ 15ರಿಂದ 20 ಕಡೆ ಗುರುತು ಮಾಡಿ. ಬದು, ಮರದ ನೆರಳು, ನೀರಿನ ಕಾಲುವೆ, ತಿಪ್ಪೆ ಅಥವಾ ಗೊಬ್ಬರ ರಾಶಿ ಹಾಕಿದ ಜಾಗ, ದನ ಕಟ್ಟಿದ ಜಾಗ ಇವುಗಳನ್ನು ಬಿಡಬೇಕು.

3. ಗುರುತಿನ ಜಾಗದಲ್ಲಿ ಮೇಲಿನ ಕಸಕಡ್ಡಿ ಸರಿಸಿ, ಇಂಗ್ಲಿಷಿನ 'ವಿ' ಅಕ್ಷರದ ಆಕಾರದಲ್ಲಿ 15 ಸೆಂ.ಮೀ. ಆಳದ ಗುಂಡಿ ತೆಗೆಯಿರಿ. ಗುಂಡಿಯ ಒಂದು ಬದಿಯಿಂದ ಮೇಲಿನಿಂದ ಕೆಳಗಿನವರೆಗೆ ಎರಡು ಸೆಂ.ಮೀ. ದಪ್ಪದ ಪದರವನ್ನು ಸಮನಾಗಿ ಕೆರೆದು ತೆಗೆಯಿರಿ. ಮೇಲಿನ ಮಣ್ಣನ್ನಷ್ಟೇ ಬಾಚಿಕೊಂಡರೆ ಪೋಷಕಾಂಶಗಳು ಇರುವುದಕ್ಕಿಂತ ಹೆಚ್ಚಾಗಿ ಕಾಣಬಹುದು. ತೋಟದ ಬೆಳೆಗಳ ಬೇರು ಆಳಕ್ಕೆ ಹೋಗುವುದರಿಂದ ಅಲ್ಲಿ 30, 60 ಮತ್ತು 90 ಸೆಂ.ಮೀ.ವರೆಗಿನ ಪದರಗಳ ಮಾದರಿಗಳನ್ನು ಬೇರೆಬೇರೆಯಾಗಿ ತೆಗೆಯಬೇಕು.

4. ಎಲ್ಲ ಮಣ್ಣನ್ನೂ ಶುಭ್ರವಾದ ಬಟ್ಟೆ ಅಥವಾ ಪ್ಲಾಸ್ಟಿಕ್ ಹಾಳೆಯ ಮೇಲೆ ಹಾಕಿ ಚೆನ್ನಾಗಿ ಬೆರೆಸಿ. ವೃತ್ತಾಕಾರವಾಗಿ ಹರಡಿ ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಚೆಲ್ಲಿ. ಉಳಿದುದನ್ನು ಮತ್ತೆ ಬೆರೆಸಿ ಮತ್ತೆ ನಾಲ್ಕು ಭಾಗ ಮಾಡಿ. ಅರ್ಧ ಕಿ.ಗ್ರಾಂ. ಉಳಿಯುವವರೆಗೆ ಹೀಗೇ ಮಾಡಬೇಕು. "ಹೇಗಿದ್ದರೂ ಚೆಲ್ಲುವ ಮಣ್ಣು, ಒಂದೇ ಕಡೆ ಅರ್ಧ ಕಿಲೋ ತೆಗೆದರೆ ಆಗದೇ?" ಎಂದು ಕೇಳುವವರಿದ್ದಾರೆ. ಆಗದು. ಹದಿನಾರೂ ಕಡೆಯ ಮಣ್ಣು ಆ ಅರ್ಧ ಕಿಲೋದಲ್ಲಿ ಸಮಪಾಲಾಗಿ ಇರಲೆಂದೇ ಈ ಶ್ರಮ.

5. ಮಣ್ಣನ್ನು ನೆರಳಿನಲ್ಲಿ ಒಣಗಿಸಿ, ಹೊಸ ಬಟ್ಟೆ ಅಥವಾ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ. ರಸಗೊಬ್ಬರದ ಖಾಲಿ ಚೀಲವನ್ನು ಒಣಗಿಸಲು ಹಾಸುವುದಕ್ಕಾಗಲಿ ತುಂಬುವುದಕ್ಕಾಗಲಿ ಬಳಸಲೇಬಾರದು. ಸತು, ಕಬ್ಬಿಣದಂಥ ಲಘು ಪೋಷಕಾಂಶಗಳ ಪರೀಕ್ಷೆ ಬೇಕಿದ್ದರೆ ಸತುವಿನ ಲೇಪವಿರುವ ಬಕೆಟ್ಟನ್ನೂ ತುಕ್ಕು ಹಿಡಿದ ಸಲಿಕೆಯನ್ನೂ ದೂರವಿಡಿ.

6. ಹೆಸರು, ಊರು, ಸರ್ವೆ ನಂಬರು, ಖುಷ್ಕಿಯೋ ನೀರಾವರಿಯೋ, ಹಿಂದಿನ ಬೆಳೆ, ಮುಂದಿನ ಬೆಳೆ ಇಷ್ಟನ್ನು ಪೆನ್ಸಿಲ್‌ನಲ್ಲಿ ಬರೆದ ಚೀಟಿಯನ್ನು ಚೀಲದ ಜೊತೆಗಿಡಿ. ಶಾಯಿ ತೇವಕ್ಕೆ ಹರಡುತ್ತದೆ.

ಕೊಯ್ಲಾದ ಮೇಲೆ, ಮುಂದಿನ ಬೆಳೆಗೆ ಗೊಬ್ಬರ ಹಾಕುವ ಮುನ್ನ ಮಾದರಿ ತೆಗೆಯುವುದು ಸೂಕ್ತ. ಮುಂಗಾರು ಬೆಳೆಗಾದರೆ ಬೇಸಿಗೆಯಲ್ಲೇ ಈ ಕೆಲಸ ಮುಗಿಸಬೇಕು.

ಪರೀಕ್ಷಾಲಯದೊಳಗೆ

ಚೀಲ ಬಂದೊಡನೆ ಅದಕ್ಕೊಂದು ಸಂಖ್ಯೆ ಕೊಡುತ್ತಾರೆ. ಮಣ್ಣನ್ನು ಮರದ ಕೊಡತಿಯಿಂದ ಹೆಂಟೆ ಒಡೆದು 2 ಮಿ.ಮೀ. ಜರಡಿಯಲ್ಲಿ ಸೋಸುತ್ತಾರೆ.

ಮೊದಲನೆಯದು ರಸಸಾರ. ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಮಾಪಕದಿಂದ ಅಳೆಯುತ್ತಾರೆ. 7 ತಟಸ್ಥ, ಕೆಳಗಿದ್ದರೆ ಹುಳಿ, ಮೇಲಿದ್ದರೆ ಕ್ಷಾರ. ಮಾಪಕ ಸರಿಯಿದೆಯೇ ಎಂದು ಮೊದಲೇ ರಸಸಾರ ಗೊತ್ತಿರುವ ದ್ರಾವಣಗಳಲ್ಲಿ ಅದ್ದಿ ನೋಡಿರುತ್ತಾರೆ. ನೀರು ಬೆರೆಸಿದ ಮಣ್ಣಿನಲ್ಲಿಯೇ ವಿದ್ಯುತ್ ವಾಹಕತೆಯನ್ನೂ ಅಳೆಯುತ್ತಾರೆ. ಕರಗಿದ ಲವಣ ಹೆಚ್ಚಿದ್ದಷ್ಟೂ ವಿದ್ಯುತ್ತು ಹೆಚ್ಚು ಹರಿಯುತ್ತದೆ. ಹೊಲ ಚೌಳಾಗುತ್ತಿದೆಯೇ ಎಂಬುದು ಇದರಿಂದ ಗೊತ್ತಾಗುತ್ತದೆ.

ಎರಡನೆಯದು ಸಾವಯವ ಇಂಗಾಲ. 1934ರಲ್ಲಿ ವಾಕ್ಲಿ ಮತ್ತು ಬ್ಲ್ಯಾಕ್ ಎಂಬ ವಿಜ್ಞಾನಿಗಳು ತಿಳಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ. ನುಣ್ಣಗೆ ಜರಡಿ ಹಿಡಿದ ಮಣ್ಣಿಗೆ ಪೊಟ್ಯಾಸಿಯಂ ಡೈಕ್ರೋಮೇಟ್ ದ್ರಾವಣವನ್ನೂ ಪ್ರಬಲ ಗಂಧಕಾಮ್ಲವನ್ನೂ ಸೇರಿಸಿ ಅರ್ಧ ಗಂಟೆ ಬಿಡುತ್ತಾರೆ. ಆ ಬಿಸಿಗೆ ಡೈಕ್ರೋಮೇಟು ಇಂಗಾಲವನ್ನು ದಹಿಸುತ್ತದೆ. ಖರ್ಚಾಗದೆ ಉಳಿದ ಡೈಕ್ರೋಮೇಟು ಎಷ್ಟೆಂದು ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಅಳೆಯುತ್ತಾರೆ. ನೇರಳೆ ಬಣ್ಣ ಹಸಿರಿಗೆ ತಿರುಗಿದಾಗ ಲೆಕ್ಕ ಮುಗಿಯಿತು. ಈ ವಿಧಾನದಲ್ಲಿ ಇಂಗಾಲದ ಸುಮಾರು ನೂರಕ್ಕೆ 77 ಪಾಲು ಮಾತ್ರ ದಹಿಸುತ್ತದೆ ಎಂದು ಕಂಡುಕೊಂಡು, ಬಂದ ಅಂಕಿಯನ್ನು 1.3ರಿಂದ ಗುಣಿಸುವ ರೂಢಿಯಿದೆ. ಶೇ. 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.5ರಿಂದ 0.75 ಮಧ್ಯಮ, ಅದಕ್ಕೂ ಮೇಲಿದ್ದರೆ ಹೆಚ್ಚು. ಶೇ. 0.5 ಎಂದರೆ ಎಕರೆಗೆ ನಾಲ್ಕೂವರೆ ಸಾವಿರ ಕಿ.ಗ್ರಾಂ. ಇಂಗಾಲ. ಆದ್ದರಿಂದ ಒಂದೆರಡು ಗಾಡಿ ಕೊಟ್ಟಿಗೆ ಗೊಬ್ಬರ ಹಾಕಿದ ಮರುವರ್ಷವೇ ಈ ಅಂಕಿ ಮೇಲೇರಲಿಲ್ಲವೆಂದು ನಿರಾಶರಾಗಬೇಡಿ.

ಮೂರನೆಯದು ಸಾರಜನಕ. ಸುಬ್ಬಯ್ಯ ಮತ್ತು ಅಸೀಜಾ ಅವರು 1956ರಲ್ಲಿ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ವಿಧಾನ ನಮ್ಮ ದೇಶದಲ್ಲಿ ವ್ಯಾಪಕವಾಗಿದೆ. ಮಣ್ಣನ್ನು ಪರ್ಮಾಂಗನೇಟ್ ಮತ್ತು ಕ್ಷಾರದೊಡನೆ ಕುದಿಸಿ, ಹೊರಬರುವ ಅಮೋನಿಯಾವನ್ನು ಹಿಡಿದು ಅಳೆಯುತ್ತಾರೆ. ಹೆಕ್ಟೇರಿಗೆ 280 ಕಿ.ಗ್ರಾಂ.ಗಿಂತ ಕೆಳಗೆ ಕಡಿಮೆ, 560ಕ್ಕಿಂತ ಮೇಲೆ ಹೆಚ್ಚು. ಕೆಲವು ಕಡೆ ಸಾರಜನಕವನ್ನು ನೇರವಾಗಿ ಅಳೆಯದೆ ಸಾವಯವ ಇಂಗಾಲದಿಂದಲೇ ಅಂದಾಜು ಮಾಡುವುದೂ ಉಂಟು.

ನಾಲ್ಕನೆಯದು ರಂಜಕ. ಇದು ಮಣ್ಣಿನ ಜಾತಿಗೆ ತಕ್ಕಂತೆ ಅಡಗುವ ಪೋಷಕಾಂಶ. ಸುಣ್ಣದಂಶವಿರುವ ಕಪ್ಪು ಮಣ್ಣಿನಲ್ಲಿ ಕ್ಯಾಲ್ಸಿಯಂ ಅದನ್ನು ಹಿಡಿದಿಟ್ಟರೆ, ಮಲೆನಾಡು ಕರಾವಳಿಗಳ ಹುಳಿ ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯುಮಿನಿಯಂ ಹಿಡಿದಿಡುತ್ತವೆ. ಒಂದೇ ಕೀಲಿಕೈಯಿಂದ ಎರಡು ಬೀಗ ತೆರೆಯುವುದಿಲ್ಲ. ತಟಸ್ಥ ಹಾಗೂ ಕ್ಷಾರ ಮಣ್ಣುಗಳಿಗೆ 1954ರ ಓಲ್ಸೆನ್ ವಿಧಾನದಲ್ಲಿ ಸೋಡಿಯಂ ಬೈಕಾರ್ಬೊನೇಟ್ ದ್ರಾವಣವನ್ನೂ, ಹುಳಿ ಮಣ್ಣುಗಳಿಗೆ 1945ರ ಬ್ರೇ ವಿಧಾನದಲ್ಲಿ ಫ್ಲೋರೈಡ್ ಸೇರಿದ ತೆಳು ಆಮ್ಲವನ್ನೂ ಬಳಸುತ್ತಾರೆ. ದ್ರಾವಣಕ್ಕೆ ಬಂದ ರಂಜಕ ನೀಲಿ ಬಣ್ಣ ಕೊಡುತ್ತದೆ. ಬಣ್ಣದ ಗಾಢತೆಯನ್ನು ಉಪಕರಣದಲ್ಲಿ ಅಳೆಯುತ್ತಾರೆ.

ಪೊಟ್ಯಾಷ್‌ಗೆ ಅಮೋನಿಯಂ ಅಸಿಟೇಟ್ ದ್ರಾವಣ. ಅದರ ಅಮೋನಿಯಂ ಜೇಡಿಯ ಕಣಗಳಿಗೆ ಅಂಟಿದ ಪೊಟ್ಯಾಷನ್ನು ತಳ್ಳಿ ಆ ಜಾಗದಲ್ಲಿ ತಾನು ಕೂರುತ್ತದೆ. ಸೋಸಿದ ದ್ರಾವಣವನ್ನು ಫ್ಲೇಮ್ ಫೋಟೋಮೀಟರ್ ಎಂಬ ಉಪಕರಣದ ಜ್ವಾಲೆಗೆ ಸಿಂಪಡಿಸಿ, ಅದು ಸೂಸುವ ಬೆಳಕನ್ನು ಅಳೆಯುತ್ತಾರೆ. ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್‌ಗಳಿಗೆ 1978ರಲ್ಲಿ ಲಿಂಡ್ಸೆ ಮತ್ತು ನಾರ್ವೆಲ್ ರೂಪಿಸಿದ ಡಿ.ಟಿ.ಪಿ.ಎ. ವಿಧಾನವಿದೆ. ಇದರಲ್ಲಿ ಮಣ್ಣನ್ನು ಎರಡು ಗಂಟೆ ಅಲುಗಿಸಬೇಕು. ಒಂದು ಗಂಟೆಗೇ ನಿಲ್ಲಿಸಿದರೆ ಅಂಕಿ ಬದಲಾಗುತ್ತದೆ. ವಿಧಾನದಲ್ಲಿ ಹೇಳಿದ ತೂಕ, ಸಮಯ, ದ್ರಾವಣದ ಪ್ರಮಾಣ ಇವು ಯಾವುವೂ ಕೇವಲ ಶಿಸ್ತಿನ ಮಾತಲ್ಲ. ಅವು ಬದಲಾದರೆ ಉತ್ತರವೇ ಬದಲು.

ತಪ್ಪು ಹಿಡಿಯುವ ಏರ್ಪಾಡು

ಒಳ್ಳೆಯ ಪರೀಕ್ಷಾಲಯ ತನ್ನ ಕೆಲಸವನ್ನು ತಾನೇ ನಂಬುವುದಿಲ್ಲ. ಮಣ್ಣೇ ಹಾಕದ ಖಾಲಿ ಪಾತ್ರೆಗೂ ಎಲ್ಲ ದ್ರಾವಣ ಸೇರಿಸಿ ಪರೀಕ್ಷೆ ಮಾಡುತ್ತಾರೆ. ದ್ರಾವಣದಲ್ಲೇ ಕಲ್ಮಶವಿದ್ದರೆ ಅಲ್ಲಿ ಗೊತ್ತಾಗುತ್ತದೆ. ಪ್ರಮಾಣ ತಿಳಿದ ದ್ರಾವಣಗಳ ಸಾಲನ್ನಿಟ್ಟು ಉಪಕರಣವನ್ನು ಹೊಂದಿಸುತ್ತಾರೆ. ಕೆಲವು ಮಾದರಿಗಳನ್ನು ಎರಡೆರಡು ಬಾರಿ ಪರೀಕ್ಷಿಸುತ್ತಾರೆ. ಅಂಕಿ ಮೊದಲೇ ಗೊತ್ತಿರುವ ಒಂದು ಮಣ್ಣನ್ನು ಪ್ರತಿ ತಂಡದ ನಡುವೆಯೂ ಸೇರಿಸುತ್ತಾರೆ. ಅದರ ಉತ್ತರ ತಪ್ಪಿದರೆ ಆ ತಂಡವನ್ನೆಲ್ಲ ಮತ್ತೆ ಮಾಡಬೇಕು.

ಆದರೆ ಗಮನಿಸಿ. ಈ ಕಾವಲೆಲ್ಲ ಚೀಲ ಬಿಚ್ಚಿದ ನಂತರದ್ದು. ಚೀಲದೊಳಗಿನ ಮಣ್ಣು ಬದುವಿನದೋ, ತಿಪ್ಪೆಯ ಪಕ್ಕದ್ದೋ, ಪಕ್ಕದ ಹೊಲದ್ದೋ ಎಂಬುದನ್ನು ಹಿಡಿಯುವ ಉಪಕರಣ ಯಾವ ವಿಶ್ವವಿದ್ಯಾನಿಲಯದಲ್ಲೂ ಇಲ್ಲ. ಆ ಕಾವಲು ರೈತರದು ಮತ್ತು ಮಾದರಿ ತೆಗೆಯುವ ಕಾರ್ಯಕರ್ತರದು.

ಮಣ್ಣು ಆರೋಗ್ಯ ಚೀಟಿಯ ಬಗೆಗೂ ಒಂದು ಮಾತು. 2015ರಲ್ಲಿ ಯೋಜನೆ ಆರಂಭವಾದಾಗ ನೀರಾವರಿ ಪ್ರದೇಶದಲ್ಲಿ ಎರಡೂವರೆ ಹೆಕ್ಟೇರಿಗೆ, ಖುಷ್ಕಿಯಲ್ಲಿ ಹತ್ತು ಹೆಕ್ಟೇರಿಗೆ ಒಂದರಂತೆ ಮಾದರಿ ತೆಗೆಯುವ ಕ್ರಮವಿತ್ತು. ಹತ್ತು ಹೆಕ್ಟೇರೆಂದರೆ ಸುಮಾರು 25 ಎಕರೆ. ಆ ಕ್ರಮದಲ್ಲಿ ಬಂದ ಚೀಟಿಯ ಅಂಕಿ ನಿಮ್ಮ ನೆರೆಹೊರೆಯ ಹೊಲಗಳಿಗೆಲ್ಲ ಸೇರಿದ್ದು. ಊರಿನ ಸ್ಥಿತಿ ತಿಳಿಯಲು ಅದು ಉಪಯುಕ್ತ. ನಿಮ್ಮದೇ ಹೊಲಕ್ಕೆ ಸುಣ್ಣ ಅಥವಾ ಜಿಪ್ಸಂ ಹಾಕುವಂಥ ದೊಡ್ಡ ಖರ್ಚಿನ ನಿರ್ಧಾರಕ್ಕೆ ಮುನ್ನ ನಿಮ್ಮ ಕೈಯಾರೆ ತೆಗೆದ ಮಾದರಿಯನ್ನು ಪರೀಕ್ಷೆ ಮಾಡಿಸಿರಿ.

ವರದಿ ಓದುವಾಗ

ಇನ್ನು ಎರಡನೆಯ ಕಾರಣಕ್ಕೆ ಬರೋಣ. ಎರಡು ವರದಿಗಳನ್ನು ಹೋಲಿಸುವ ಮುನ್ನ ಮೂರು ವಿಷಯ ನೋಡಿ.

ಒಂದು, ವಿಧಾನ ಯಾವುದು? ಓಲ್ಸೆನ್ ಅಂಕಿಯನ್ನು ಬ್ರೇ ಅಂಕಿಯ ಪಕ್ಕದಲ್ಲಿಟ್ಟು ಹೆಚ್ಚು ಕಡಿಮೆ ಎನ್ನುವುದು, ಸೇರಿನಲ್ಲಿ ಅಳೆದ ರಾಗಿಯನ್ನು ಕಿಲೋದಲ್ಲಿ ತೂಗಿದ ರಾಗಿಯೊಡನೆ ಹೋಲಿಸಿದಂತೆ.

ಎರಡು, ಮಾನ ಯಾವುದು? ಪಿ.ಪಿ.ಎಂ. ಬೇರೆ, ಹೆಕ್ಟೇರಿಗೆ ಕಿ.ಗ್ರಾಂ. ಬೇರೆ, ಎಕರೆಗೆ ಕಿ.ಗ್ರಾಂ. ಬೇರೆ.

ಮೂರು, ರಂಜಕವನ್ನು ಮೂಲಧಾತುವಾಗಿ ಬರೆದಿದ್ದಾರೆಯೋ, ರಂಜಕದ ಪೆಂಟಾಕ್ಸೈಡ್ ರೂಪದಲ್ಲಿ ಬರೆದಿದ್ದಾರೆಯೋ? ಗೊಬ್ಬರದ ಚೀಲದ ಮೇಲಿನ ಅಂಕಿ ಪೆಂಟಾಕ್ಸೈಡ್ ರೂಪದ್ದು. ಮೂಲಧಾತುವಿನ ಅಂಕಿಯನ್ನು 2.29ರಿಂದ ಗುಣಿಸಿದರೆ ಅದು ಸಿಗುತ್ತದೆ. ಹೆಕ್ಟೇರಿಗೆ 20 ಕಿ.ಗ್ರಾಂ. ರಂಜಕ ಎಂದು ಒಂದು ವರದಿ, 46 ಕಿ.ಗ್ರಾಂ. ಎಂದು ಇನ್ನೊಂದು ವರದಿ ಹೇಳಿದರೆ ಎರಡೂ ಒಂದೇ ಮಾತು ಹೇಳುತ್ತಿರಬಹುದು. ಓಲ್ಸೆನ್ ವಿಧಾನದಲ್ಲಿ ಮೂಲಧಾತುವಿನ ಲೆಕ್ಕಕ್ಕೆ 10ರಿಂದ 25 ಮಧ್ಯಮ. ಹಾಗಾಗಿ 20 ಎಂಬುದು ಮಧ್ಯಮ. ಅದನ್ನೇ ಪೆಂಟಾಕ್ಸೈಡ್ ಎಂದು ತಪ್ಪಾಗಿ ಓದಿದವರು "ಕಡಿಮೆ" ಎಂದು ತಿಳಿದು ಬೇಡದ ಡಿ.ಎ.ಪಿ. ಕೊಳ್ಳುತ್ತಾರೆ. ಪೊಟ್ಯಾಷ್‌ನಲ್ಲಿಯೂ ಇದೇ ಗೊಂದಲವಿದೆ, ಅಲ್ಲಿ ಗುಣಿಸುವ ಅಂಕಿ 1.2.

ಹೊಲವೇ ಕೊನೆಯ ಪರೀಕ್ಷಾಲಯ

"ಲಭ್ಯ ರಂಜಕ" ಎಂದರೆ ಮಣ್ಣಿನಲ್ಲಿರುವ ಎಲ್ಲ ರಂಜಕವಲ್ಲ. ಒಂದು ದ್ರಾವಣ ನಿಗದಿತ ಸಮಯದಲ್ಲಿ ಎಳೆದುಕೊಂಡಷ್ಟು ಮಾತ್ರ. ಆ ಅಂಕಿಗೆ "ಕಡಿಮೆ", "ಹೆಚ್ಚು" ಎಂಬ ಅರ್ಥ ಬಂದದ್ದು ಹೊಲದ ಪ್ರಯೋಗಗಳಿಂದ. ಗೊಬ್ಬರವಿಲ್ಲದ ತಾಕು, ಸ್ವಲ್ಪ ಹಾಕಿದ ತಾಕು, ಹೆಚ್ಚು ಹಾಕಿದ ತಾಕು ಹೀಗೆ ಬೆಳೆದು, ಯಾವ ಅಂಕಿಯ ಮಣ್ಣಿನಲ್ಲಿ ಗೊಬ್ಬರಕ್ಕೆ ಬೆಳೆ ಸ್ಪಂದಿಸಿತು, ಯಾವುದರಲ್ಲಿ ಇಲ್ಲ ಎಂದು ನೋಡಿ ಗಡಿ ಹಾಕಿದ್ದಾರೆ. ಸತುವಿಗೆ 0.6 ಪಿ.ಪಿ.ಎಂ. ಎಂಬ ಗಡಿ ಸಾಮಾನ್ಯವಾಗಿ ಬಳಕೆಯಲ್ಲಿರುವುದೂ ಹೀಗೆಯೇ. ಇಂಥ ಪ್ರಯೋಗಗಳಲ್ಲಿ ಪ್ರತಿ ಉಪಚಾರವನ್ನೂ ಹಲವು ಬಾರಿ ಪುನರಾವರ್ತಿಸಿ, ಯಾವ ತಾಕಿಗೆ ಯಾವುದೆಂದು ಚೀಟಿ ಎತ್ತಿ ನಿರ್ಧರಿಸುತ್ತಾರೆ. 1919ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೇಂದ್ರ ಸೇರಿದ ಆರ್.ಎ. ಫಿಷರ್ ಅವರು ಈ ಪದ್ಧತಿಗೆ ಭದ್ರ ತಳಹದಿ ಹಾಕಿದರು. ಒಳ್ಳೆಯ ತುಂಡಿನಲ್ಲಿ ಒಳ್ಳೆಯ ಗೊಬ್ಬರ ಹಾಕಿ "ನೋಡಿ ಹೇಗಿದೆ" ಎನ್ನುವ ಮೋಸಕ್ಕೆ ಇದರಲ್ಲಿ ಆಸ್ಪದವಿಲ್ಲ.

ಇದನ್ನು ನೀವೂ ಮಾಡಬಹುದು. ಹೊಲದಲ್ಲಿ ಒಂದೇ ಅಳತೆಯ ಆರು ಪಟ್ಟಿಗಳನ್ನು ಗುರುತಿಸಿ. ಅಕ್ಕಪಕ್ಕದ ಎರಡೆರಡು ಸೇರಿ ಮೂರು ಜೋಡಿ. ಪ್ರತಿ ಜೋಡಿಯಲ್ಲೂ ನಾಣ್ಯ ಚಿಮ್ಮಿ, ಒಂದಕ್ಕೆ ವರದಿಯ ಶಿಫಾರಸಿನಂತೆ, ಇನ್ನೊಂದಕ್ಕೆ ನಿಮ್ಮ ಎಂದಿನ ರೂಢಿಯಂತೆ ಗೊಬ್ಬರ ಹಾಕಿ. ಬೀಜ, ಬಿತ್ತನೆಯ ದಿನ, ಕಳೆ ತೆಗೆಯುವುದು ಎಲ್ಲವೂ ಒಂದೇ ರೀತಿ ಇರಲಿ. ಅಂಚಿನ ಸಾಲು ಬಿಟ್ಟು ನಡುವಿನ ಸಾಲುಗಳ ಫಸಲನ್ನು ಬೇರೆಬೇರೆ ಒಣಗಿಸಿ ತೂಗಿ, ಗೊಬ್ಬರದ ಖರ್ಚಿನೊಡನೆ ಪುಸ್ತಕದಲ್ಲಿ ಬರೆದಿಡಿ. ಮೂರು ಜೋಡಿಯಲ್ಲಿ ಒಂದರಲ್ಲಿ ಇದು, ಇನ್ನೊಂದರಲ್ಲಿ ಅದು ಮೇಲಾದರೆ ತೀರ್ಮಾನಕ್ಕೆ ಬರಬೇಡಿ. ಮೂರರಲ್ಲೂ ಶಿಫಾರಸಿನ ಪಟ್ಟಿಯೇ ಮೇಲಾದರೆ ಅದು ಭರವಸೆಯ ಸೂಚನೆ. ಆದರೂ ಎರಡಕ್ಕೂ ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದಾಗಲೂ ಹಾಗಾಗುವ ಸಂಭವ ಎಂಟರಲ್ಲಿ ಒಂದು ಪಾಲು ಇರುವುದರಿಂದ, ಮರುವರ್ಷವೂ ಮಾಡಿ ನೋಡುವುದು ಲೇಸು.

ವಿಸ್ತರಣಾ ಕಾರ್ಯಕರ್ತ ಮಿತ್ರರಲ್ಲಿ ನನ್ನ ವಿನಂತಿ ಇಷ್ಟು. ಗುರಿ ಮುಟ್ಟುವ ಆತುರದಲ್ಲಿ ರಸ್ತೆ ಬದಿಯ ಹೊಲದ ಮಣ್ಣನ್ನೇ ಹತ್ತು ಚೀಲಕ್ಕೆ ತುಂಬಬೇಡಿ. ಮಾದರಿ ತೆಗೆಯುವಾಗ ಹೊಲದ ಯಜಮಾನರು ಜೊತೆಯಲ್ಲಿರಲಿ, ಯಾವ ಮೂಲೆಯಲ್ಲಿ ಬೆಳೆ ಏಳುವುದಿಲ್ಲ ಎಂಬುದು ಅವರಿಗೆ ಗೊತ್ತಿರುತ್ತದೆ. ವರದಿ ಕೊಡುವಾಗ ವಿಧಾನವನ್ನೂ ಮಾನವನ್ನೂ ಬಾಯಲ್ಲಿ ಹೇಳಿ ತಿಳಿಸಿ.

ರೈತ ಬಾಂಧವರೇ, ಮುಂದಿನ ಸಲ ಎರಡು ವರದಿಗಳು ಹೊಂದದೆ ಬಂದಾಗ "ಯಾರನ್ನು ನಂಬಲಿ?" ಎಂದು ಕೇಳುವ ಬದಲು, "ಮಾದರಿಯನ್ನು ಯಾರು, ಎಲ್ಲಿ, ಹೇಗೆ ತೆಗೆದರು? ವಿಧಾನ ಯಾವುದು? ಮಾನ ಯಾವುದು?" ಎಂದು ಕೇಳಿ. ಉತ್ತರ ಕೊಡುವುದು ಪರೀಕ್ಷಾಲಯದವರ ಕರ್ತವ್ಯ. ಮೊದಲ ಪ್ರಶ್ನೆಯ ಉತ್ತರ ಮಾತ್ರ ನಿಮ್ಮ ಬಳಿಯೇ ಇರಬೇಕು. ಈ ಬೇಸಿಗೆಯಲ್ಲಿ ಹೊಲ ಖಾಲಿಯಿರುವಾಗಲೇ ಒಂದು ಬೆಳಗಿನ ಹೊತ್ತನ್ನು ಈ ಕೆಲಸಕ್ಕೆ ಮೀಸಲಿಡಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.